ಕಪ್ಪು ಬೆಲ್ಟು ಮತ್ತು ಕಲಿಸುವ ಹಕ್ಕು

ನಮ್ಮ ಹೆಣ್ಣುಮಕ್ಕಳ ಹಾಸ್ಟೆಲುಗಳಿಗೆ ಕರಾಟೆ, ಟೇಕ್ವಾಂಡೊ ಬಂದಿವೆ. ಸಮಾಜ ಕಲ್ಯಾಣ ಇಲಾಖೆ ‘ಓಬವ್ವ ಆತ್ಮರಕ್ಷಣೆ ಕಲೆ’ ಎಂಬ ಹೆಸರಿನಲ್ಲಿ ಹಾಸ್ಟೆಲು, ವಸತಿ ಶಾಲೆಗಳ ಹುಡುಗಿಯರಿಗೆ ತರಬೇತಿ ಶುರುಮಾಡಿತು. ಸರ್ಕಾರಿ ಶಾಲೆಗಳಲ್ಲಿ ‘ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ’ ಎಂಬ ಕೇಂದ್ರದ ಯೋಜನೆ ಇದೆ. ಮೂರು ತಿಂಗಳ ಪಾಠ, ಶಾಲೆಯೊಂದಕ್ಕೆ ತಿಂಗಳಿಗೆ ೫,೦೦೦ ರೂಪಾಯಿ. ಇತ್ತ ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ, ವಿಜಯನಗರದಂಥ ಬಡಾವಣೆಗಳಲ್ಲಿ ಸಂಜೆ ಹೊತ್ತು ಬಿಳಿ ಅಂಗಿ, ಬಿಳಿ ಪೈಜಾಮ ತೊಟ್ಟು ಸೊಂಟಕ್ಕೆ ಬಣ್ಣದ ಬೆಲ್ಟು ಬಿಗಿದ ಮಕ್ಕಳು ಅಪ್ಪಂದಿರ ಸ್ಕೂಟರಿನ ಹಿಂದೆ ಕೂತು ಕ್ಲಾಸಿಗೆ ಹೋಗುವುದನ್ನು ನೀವು ನೋಡಿರುತ್ತೀರಿ. ಬಡಾವಣೆಯ ಮಗುವಿಗೆ ಅದು ತಿಂಗಳ ಫೀಸಿನ ವಿಷಯ. ಹಾಸ್ಟೆಲಿನ ಹುಡುಗಿಗೆ ಅದು ಸರ್ಕಾರ ಕೊಟ್ಟ ಕೆಲವು ತಿಂಗಳು, ಅಷ್ಟೆ.

ನನ್ನ ಪ್ರಶ್ನೆ ಆ ಕೆಲವು ತಿಂಗಳು ಮುಗಿದ ಮೇಲಿನದು. ನಂಜನಗೂಡಿನ ಕಡೆಯಿಂದಲೋ ಹೆಗ್ಗಡದೇವನಕೋಟೆಯ ಕಡೆಯಿಂದಲೋ ಮೈಸೂರಿನ ಹಾಸ್ಟೆಲಿಗೆ ಬಂದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಒದೆಯುವುದು, ತಡೆಯುವುದು, ಹೊಟ್ಟೆಯಾಳದಿಂದ ಕೂಗು ಹಾಕುವುದು ಅವಳಿಗೆ ಒಲಿದುಬಿಟ್ಟಿತು. ತರಬೇತಿಯವರು ಹೊರಟುಹೋದರು. ಅವಳು ಬಿಡಲಿಲ್ಲ. ‘ನಾನೂ ಕಲಿಸುವವಳಾಗ್ತೀನಿ’ ಅಂದಳು. ಈಗ ಅವಳು ಏನು ಮಾಡಬೇಕು? ಎಷ್ಟು ವರ್ಷ ಕಾಯಬೇಕು? ಯಾರ ಮುಂದೆ ನಿಂತು ‘ನೀನು ಅರ್ಹಳು’ ಅನ್ನಿಸಿಕೊಳ್ಳಬೇಕು? ಹಾಗೆ ಅನ್ನುವ ಅಧಿಕಾರ ಅವರಿಗೆ ಎಲ್ಲಿಂದ ಬಂತು?

‘ಅರ್ಹತೆ’ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮವರ ಮೈ ಉರಿಯುತ್ತದೆ. ಉರಿಯದೆ ಏನು ಮಾಡೀತು? ಬಾವಿಯ ಹತ್ತಿರ, ಗುಡಿಯ ಹತ್ತಿರ, ಶಾಲೆಯ ಜಗುಲಿಯ ಹತ್ತಿರ, ಆಮೇಲೆ ಕಚೇರಿಯ ಬಾಗಿಲ ಹತ್ತಿರ ನಮ್ಮನ್ನು ನಿಲ್ಲಿಸಿದ್ದು ಇದೇ ಮಾತು. ಆದರೆ ಉರಿಯೊಂದೇ ವಿಚಾರವಾಗುವುದಿಲ್ಲ. ಇಪ್ಪತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒದೆಯಲು ಹೇಳಿಕೊಡುವವರಿಗೆ ಯಾವ ಅರ್ಹತೆಯೂ ಬೇಡವೆ? ಬೇಕಾದರೆ, ಅದು ಯಾವುದು? ಈ ಪ್ರಶ್ನೆಗೆ ನಮ್ಮ ಸಮಾಜ ಈವರೆಗೆ ಎರಡು ಉತ್ತರ ಕೊಟ್ಟಿದೆ. ಒಂದು ಹುಟ್ಟು, ಇನ್ನೊಂದು ಕಾಗದ. ಎರಡನ್ನೂ ನೋಡೋಣ. ಆಮೇಲೆ ಮೂರನೆಯದೊಂದು ಇದೆಯೋ ಎಂದು ಹುಡುಕೋಣ.

*

ಹುಟ್ಟಿನ ಉತ್ತರಕ್ಕೆ ದ್ರೋಣನಿಗಿಂತ ದೊಡ್ಡ ಸಾಕ್ಷಿ ಬೇಡ. ಕೇಂದ್ರ ಸರ್ಕಾರ ೧೯೬೧ರಲ್ಲಿ ಆಟಗಾರರಿಗೆ ಪ್ರಶಸ್ತಿ ಸ್ಥಾಪಿಸಿದಾಗ ಅದಕ್ಕೆ ಅರ್ಜುನನ ಹೆಸರಿಟ್ಟಿತು. ೧೯೮೫ರಲ್ಲಿ ತರಬೇತುದಾರರಿಗೆ ಪ್ರಶಸ್ತಿ ಸ್ಥಾಪಿಸಿದಾಗ ದ್ರೋಣಾಚಾರ್ಯನ ಹೆಸರಿಟ್ಟಿತು. ನಮ್ಮ ಕರ್ನಾಟಕ ಸರ್ಕಾರ ಆಟಗಾರರಿಗೆ ಕೊಡುವ ಪ್ರಶಸ್ತಿಯ ಹೆಸರು ಏಕಲವ್ಯ. ಅಂದರೆ ಶಿಷ್ಯ ಬೆಂಗಳೂರಿನಲ್ಲಿ ಏಕಲವ್ಯ ಪ್ರಶಸ್ತಿ ತಗೊಂಡು, ಅವನ ಗುರು ದೆಹಲಿಯಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ತಗೊಳ್ಳಬಹುದು! ಇದನ್ನು ಕೇಳಿ ಯಾರೂ ಬೆಚ್ಚುವುದಿಲ್ಲ. ಆ ಪ್ರಶಸ್ತಿ ಪಡೆದ ತರಬೇತುದಾರರು ಬೆವರು ಸುರಿಸಿ ಕೆಲಸ ಮಾಡಿದವರು, ಅವರ ಮೇಲೆ ನನ್ನ ತಕರಾರಿಲ್ಲ. ಕಲಿಸುವವರಿಗೆ ಮಾದರಿಯಾಗಿ ಈ ದೇಶಕ್ಕೆ ಸಿಕ್ಕ ಹೆಸರು ಅದೊಂದೇ ಆಯಿತಲ್ಲ ಎಂಬುದೇ ತಕರಾರು.

ದ್ರೋಣನ ತಪ್ಪು ಏನು? ಬೇಡರ ಹುಡುಗನಿಗೆ ಕಲಿಸಲಿಲ್ಲ ಎಂಬುದು ಮೊದಲನೆಯದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ತಾನು ಕಲಿಸದೇ ಇದ್ದ ವಿದ್ಯೆಗೆ ಅವನು ಸಂಬಳ ಕೇಳಿದ. ನಿನಗಿಂತ ಮಿಗಿಲಾದ ಬಿಲ್ಲುಗಾರ ಇರುವುದಿಲ್ಲ ಎಂದು ಅರ್ಜುನನಿಗೆ ಮಾತು ಕೊಟ್ಟಿದ್ದ, ಆ ಮಾತು ಉಳಿಸಿಕೊಳ್ಳಲು ಕಾಡಿನ ಹುಡುಗನ ಹೆಬ್ಬೆರಳು ತೆಗೆಸಿದ. ಅಲ್ಲಿಗೆ ಗುರುವಿನ ಕೆಲಸ ಏನಾಯಿತು? ಕೆಲವರಿಗೆ ಕಲಿಸುವುದು, ಮಿಕ್ಕವರು ಕಲಿಯದ ಹಾಗೆ ಕಾವಲು ಕಾಯುವುದು. ಇದೇ ಮೈಸೂರಿನಲ್ಲಿ ಬಾಳಿದ ಕುವೆಂಪು ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಆ ಲೆಕ್ಕ ಸುಮ್ಮನೆ ಚುಕ್ತಾ ಆಗುವುದಿಲ್ಲ ಎಂದು ತೋರಿಸಿದರು.

ಏಕಲವ್ಯನ ವಿಷಯದಲ್ಲೂ ಒಂದು ಮಾತು ಹೇಳಬೇಕು. ಗುರುವಿಲ್ಲದೆ ಕಲಿತ ಧೀರ ಎಂದು ನಾವು ಅವನನ್ನು ಹಾಡುತ್ತೇವೆ. ನಿಜ. ಆದರೆ ಕಾಡಿನಲ್ಲೂ ಅವನಿಗೆ ಮಣ್ಣಿನ ದ್ರೋಣ ಬೇಕಾಯಿತು. ನಿಜವಾದ ದ್ರೋಣ ಬಂದು ಕೇಳಿದಾಗ ಬೆರಳು ಕತ್ತರಿಸಿದ್ದು ಅವನದೇ ಇನ್ನೊಂದು ಕೈ. ಅವನಿಗೆ ಬಿಲ್ವಿದ್ಯೆ ಬಂತು, ಗುರುವಿಗೆ ‘ಆಗಲ್ಲ’ ಅನ್ನುವ ವಿದ್ಯೆ ಬರಲಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಊರಿನದೇ ಉದಾಹರಣೆಗೆ ಬರೋಣ. ಮೈಸೂರು ಗರಡಿಗಳ ಊರು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ಮೊನೆಯುಳ್ಳ ಮುಷ್ಟಿ ತೊಟ್ಟು ಸೆಣಸುತ್ತಾರೆ, ಮೊದಲ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನಗಳವರು ಇದಕ್ಕೆ ಬರುತ್ತಾರೆ. ಅದು ಹುಟ್ಟಿನಿಂದ ಬಂದ ವಿದ್ಯೆ. ಹೊರಗಿನವರು ನೋಡಬಹುದು, ಅಷ್ಟೆ.

ಕುಸ್ತಿಯ ಕಥೆ ಬೇರೆ. ಅದರಲ್ಲಿ ಹಲವು ಜಾತಿಯವರು, ಮುಸ್ಲಿಮರು ಪೈಲ್ವಾನರಾದರು. ಕಲಿಸುವವನಿಗೆ ‘ಉಸ್ತಾದ್’ ಎಂಬ ಹೆಸರು ಬಂದದ್ದೇ ಆ ಬೆರಕೆಯಿಂದ. ಉಸ್ತಾದನ ಹತ್ತಿರ ಯಾವ ಸರ್ಟಿಫಿಕೇಟೂ ಇರಲಿಲ್ಲ. ದಸರಾ ಕುಸ್ತಿಯಲ್ಲಿ ಅವನ ಹುಡುಗರ ಬೆನ್ನಿಗೆ ಮಣ್ಣು ಹತ್ತಿತೋ ಇಲ್ಲವೋ, ಅದೇ ಅವನ ಪರೀಕ್ಷೆ. ಪರೀಕ್ಷೆ ನಡೆಯುವುದು ಬಯಲಿನಲ್ಲಿ, ನೋಡುವವರು ಸಾವಿರಾರು ಜನ. ಇದು ಗರಡಿಯ ದೊಡ್ಡ ಗುಣ. ಆದರೆ ಗರಡಿಗೆ ಬಾಗಿಲೂ ಇತ್ತು. ಗರಡಿ ಬೀದಿಯದು, ಬೀದಿ ಒಂದು ಜಾತಿಯದು. ಕೆಮ್ಮಣ್ಣಿನ ಮಟ್ಟಿಗೆ ಇಳಿಯುವ ಮುಂಚೆ ‘ಯಾರ ಮಗ ನೀನು’ ಎಂಬ ಪ್ರಶ್ನೆ ಬರುತ್ತಿತ್ತು. ಹೆಣ್ಣಿಗಂತೂ ಆ ಪ್ರಶ್ನೆಯೂ ಇರಲಿಲ್ಲ, ಬಾಗಿಲೇ ಇರಲಿಲ್ಲ. ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳು ಸೆಣಸುವುದನ್ನು ಮೈಸೂರು ಈಗ ನೋಡುತ್ತಿದೆ. ಆ ಬಾಗಿಲು ತಾನಾಗಿ ತೆರೆದದ್ದಲ್ಲ.

*

ಇನ್ನು ಕಾಗದದ ಉತ್ತರ. ಟೇಕ್ವಾಂಡೊದಲ್ಲಿ ಏಣಿ ಬಹಳ ಸ್ಪಷ್ಟ. ಬಿಳಿ ಬೆಲ್ಟಿನಿಂದ ಶುರು. ಹಳದಿ, ಹಸಿರು, ನೀಲಿ, ಕೆಂಪು ದಾಟಿ ಕಪ್ಪು. ಬಿಡದೆ ಕಲಿತರೂ ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಬೇಕು. ಕಪ್ಪು ಬೆಲ್ಟು ಬಂತೆಂದರೆ ಮುಗಿಯಿತು ಎಂದು ನಮ್ಮ ಜನ ತಿಳಿದಿದ್ದಾರೆ. ಅಲ್ಲಿಗೆ ಅಕ್ಷರಾಭ್ಯಾಸ ಮುಗಿಯಿತು, ಅಷ್ಟೆ. ಕಪ್ಪು ಬೆಲ್ಟಿನ ಒಳಗೆ ‘ಡಾನ್’ ಎಂಬ ಮೆಟ್ಟಿಲುಗಳಿವೆ. ದಕ್ಷಿಣ ಕೊರಿಯಾದ ಸೋಲ್ ನಗರದ ಕುಕ್ಕಿವಾನ್ ಎಂಬ ಸಂಸ್ಥೆಯ ನಿಯಮದ ಪ್ರಕಾರ ಒಂದನೇ ಡಾನ್‌ನಿಂದ ಎರಡಕ್ಕೆ ಕನಿಷ್ಠ ಒಂದು ವರ್ಷ, ಎರಡರಿಂದ ಮೂರಕ್ಕೆ ಎರಡು ವರ್ಷ, ಮೂರರಿಂದ ನಾಲ್ಕಕ್ಕೆ ಮೂರು ವರ್ಷ ಕಾಯಬೇಕು. ನಾಲ್ಕನೇ ಡಾನ್ ಆದವರಿಗೆ ಮಾತ್ರ ಆ ಸಂಸ್ಥೆ ನಡೆಸುವ ಶಿಕ್ಷಕರ ತರಬೇತಿಗೆ ಪ್ರವೇಶ. ಕೂಡಿಸಿ ನೋಡಿ. ಬಿಳಿ ಬೆಲ್ಟು ಕಟ್ಟಿದ ಹುಡುಗಿ ಆ ಬಾಗಿಲಿಗೆ ಬರುವ ಹೊತ್ತಿಗೆ ಹತ್ತಿರ ಹತ್ತಿರ ಹತ್ತು ವರ್ಷ. ಅವಳ ಜತೆ ಓದಿದವಳು ಅಷ್ಟರಲ್ಲಿ ಡಿಗ್ರಿ ಮುಗಿಸಿ ಬಿ.ಎಡ್. ಮಾಡಿ ಮೇಡಂ ಆಗಿರುತ್ತಾಳೆ.

ನಮ್ಮ ದೇಶದ ದಾರಿ ಇನ್ನೊಂದಿದೆ. ಪಟಿಯಾಲದಲ್ಲಿ ೧೯೬೧ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತರಬೇತುದಾರರಿಗೆ ಡಿಪ್ಲೊಮಾ ಕೊಡುತ್ತದೆ. ಸರ್ಕಾರಿ ಕೋಚ್ ಆಗುವವರು ಕೇಳುವುದು ಆ ಕಾಗದವನ್ನು. ಇವೆರಡರ ಮಧ್ಯೆ ಬೀದಿಗೊಂದು ಅಸೋಸಿಯೇಷನ್ನು. ಈ ದೇಶದ ಟೇಕ್ವಾಂಡೊ ಸಂಘಗಳ ಜಗಳ ಕೋರ್ಟಿನ ಮೆಟ್ಟಿಲು ಹತ್ತಿದೆ. ಇವರ ಸರ್ಟಿಫಿಕೇಟು ಅವರಿಗೆ ಕಸ, ಅವರದು ಇವರಿಗೆ ಕಸ. ಈ ಕಿತ್ತಾಟದ ಮಧ್ಯೆ ಹಳ್ಳಿಯ ಹುಡುಗಿ ಯಾವ ಕಾಗದವನ್ನು ನಂಬಬೇಕು?

ಕಾಗದಕ್ಕೆ ಬೆಲೆಯೂ ಇದೆ. ಪ್ರತಿ ಬೆಲ್ಟಿಗೆ ಪರೀಕ್ಷೆ ಫೀಸು, ಡಾನ್‌ಗೆ ದೊಡ್ಡ ಫೀಸು, ಬಟ್ಟೆ, ಎದೆಗವಚ, ತಲೆಗವಚ, ಟೂರ್ನಮೆಂಟಿಗೆ ರೈಲು ಖರ್ಚು. ಕೂಲಿ ಮಾಡುವ ತಾಯಿ ಇದನ್ನು ಎಲ್ಲಿಂದ ತರಬೇಕು? ಕೊಡಬಲ್ಲವರ ಮನೆಯಲ್ಲಿ ಎಂಟು ವರ್ಷದ ಮಗು ಮಾಸಕ್ಕೊಂದು ಫೋಟೋ ತೆಗೆಸಿಕೊಳ್ಳುತ್ತ ಬೆಲ್ಟು ಬದಲಿಸುತ್ತದೆ. ಕೊಡಲಾಗದವಳು ಹಸಿರು ಬೆಲ್ಟಿನಲ್ಲೇ ನಿಂತುಬಿಡುತ್ತಾಳೆ. ಅವಳ ಒದೆ ಎಷ್ಟು ಎತ್ತರ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಹೀಗೆ ಹುಟ್ಟಿನ ಜಾಗಕ್ಕೆ ಹಣ ಬಂದು ಕೂತರೆ ಅಗ್ರಹಾರದ ಬೇಲಿಗೆ ಹೊಸ ಬಣ್ಣ ಬಳಿದಂತೆ, ಅಷ್ಟೆ.

ಇಲ್ಲಿ ಟೇಕ್ವಾಂಡೊದ ಚರಿತ್ರೆಯನ್ನೇ ಒಂದು ಪ್ರಶ್ನೆ ಕೇಳಬಹುದು. ಎರಡು ಸಾವಿರ ವರ್ಷದ ಪುರಾತನ ವಿದ್ಯೆ ಎಂದು ಕ್ಲಾಸಿನ ಗೋಡೆಯ ಮೇಲೆ ಬರೆದಿರುತ್ತಾರೆ. ಪುರಾತನ ಅಂದರೆ ಪವಿತ್ರ ಎಂಬ ರೋಗ ನಮ್ಮೊಬ್ಬರಿಗೇ ಇರುವುದಲ್ಲ! ಚರಿತ್ರಕಾರರು ತೋರಿಸಿರುವುದು ಬೇರೆ. ಕೊರಿಯಾ ೧೯೧೦ರಿಂದ ೧೯೪೫ರವರೆಗೆ ಜಪಾನಿನ ಆಳ್ವಿಕೆಯಲ್ಲಿತ್ತು. ಜಪಾನಿಗೆ ಓದಲು ಹೋದ ಕೊರಿಯದ ಯುವಕರು ಅಲ್ಲಿ ಕರಾಟೆ ಕಲಿತು ಬಂದರು. ೧೯೪೪ರಿಂದೀಚೆಗೆ ತಮ್ಮ ಊರುಗಳಲ್ಲಿ ಗರಡಿಗಳನ್ನು ತೆರೆದರು. ಆಳಿದವರ ಕೈಯಿಂದ ಕಲಿತದ್ದನ್ನು ತಮ್ಮದು ಮಾಡಿಕೊಂಡರು, ಕೈಯ ಪೆಟ್ಟಿಗಿಂತ ಕಾಲಿನ ಒದೆಗೆ ಹೆಚ್ಚು ಬೆಲೆ ಕೊಟ್ಟರು. ‘ಟೇಕ್ವಾಂಡೊ’ ಎಂಬ ಹೆಸರು ಬಂದದ್ದೇ ೧೯೫೫ರಲ್ಲಿ, ಸೇನಾಧಿಕಾರಿ ಚೋಯ್ ಹೊಂಗ್ ಹಿ ಮುಂದಿಟ್ಟದ್ದು. ಕುಕ್ಕಿವಾನ್ ಕಟ್ಟಿದ್ದು ೧೯೭೨ರಲ್ಲಿ, ವಿಶ್ವ ಒಕ್ಕೂಟ ಆದದ್ದು ೧೯೭೩ರಲ್ಲಿ, ಒಲಿಂಪಿಕ್ಸ್ ಪದಕದ ಆಟವಾದದ್ದು ೨೦೦೦ದ ಸಿಡ್ನಿಯಲ್ಲಿ. ಹಾಗಾದರೆ ಮೊದಲ ಶಿಕ್ಷಕರಿಗೆ ಟೇಕ್ವಾಂಡೊದ ಸರ್ಟಿಫಿಕೇಟು ಕೊಟ್ಟವರು ಯಾರು? ಯಾರೂ ಇಲ್ಲ. ಕೊಡಲು ಆ ಹೆಸರೇ ಇರಲಿಲ್ಲ. ಯಾವ ಪರಂಪರೆಯ ಬುಡವನ್ನು ಅಗೆದರೂ ಅಲ್ಲಿ ಕಾಗದವಿಲ್ಲದ ಒಬ್ಬ ಮನುಷ್ಯ ಸಿಗುತ್ತಾನೆ.

ಇದರಿಂದ ‘ಹಾಗಾದರೆ ಕಾಗದವೇ ಬೇಡ’ ಎನ್ನುವ ತೀರ್ಮಾನಕ್ಕೆ ಹಾರುವವರಿದ್ದಾರೆ. ನಮ್ಮ ವಿದ್ಯಾರ್ಥಿ ಗೆಳೆಯರು ಬಿಸಿರಕ್ತದಲ್ಲಿ ಹಾಗೆ ಅನ್ನುವುದನ್ನು ಕೇಳಿದ್ದೇನೆ. ‘ಓಬವ್ವನಿಗೆ ಯಾವ ಬೆಲ್ಟಿತ್ತು ಸಾರ್?’ ಒಳ್ಳೆಯ ಪ್ರಶ್ನೆಯೇ. ಹೈದರನ ಸೈನಿಕರು ಚಿತ್ರದುರ್ಗದ ಕಿಂಡಿಯಲ್ಲಿ ನುಸುಳಿದಾಗ ಆ ಛಲವಾದಿ ಹೆಣ್ಣುಮಗಳ ಕೈಗೆ ಸಿಕ್ಕಿದ್ದು ಒನಕೆ. ಅವಳಿಗೆ ಗುರುವಿರಲಿಲ್ಲ, ಪರೀಕ್ಷೆಯಿರಲಿಲ್ಲ. ಇಂದು ಅವಳ ಹೆಸರಿನ ಯೋಜನೆಗೆ ಶಿಕ್ಷಕರನ್ನು ತಗೊಳ್ಳುವಾಗ ಸರ್ಟಿಫಿಕೇಟು ಕೇಳುತ್ತೇವೆ. ಅವಳೇ ಅರ್ಜಿ ಹಾಕಿದ್ದರೆ ತಿರಸ್ಕಾರ ಆಗುತ್ತಿತ್ತೋ ಏನೋ!

ಆದರೆ ಓಬವ್ವ ಮಾಡಿದ್ದು ಹೋರಾಟ, ಪಾಠವಲ್ಲ. ತನ್ನ ಪ್ರಾಣವನ್ನು ತಾನು ಪಣಕ್ಕಿಟ್ಟವರನ್ನು ‘ನಿನ್ನ ಅರ್ಹತೆ ಏನು’ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಕಲಿಸುವವರು ಪಣಕ್ಕಿಡುವುದು ಬೇರೆಯವರ ಮೈಯನ್ನು, ಬೇರೆಯವರ ಮಕ್ಕಳ ಮಂಡಿಯನ್ನು, ತಲೆಬುರುಡೆಯನ್ನು. ಅಲ್ಲಿ ಕೇಳಲೇಬೇಕು. ಬಲ್ಲವರಾಗುವುದು ಒಂದು, ಕಲಿಸುವವರಾಗುವುದು ಇನ್ನೊಂದು.

*

ಕಾಗದವನ್ನು ನಾವು ಬಿಸಾಡಬಾರದು ಎನ್ನುವುದಕ್ಕೆ ಇನ್ನೂ ಬಲವಾದ ಕಾರಣವಿದೆ. ಕಾಗದ ಇಲ್ಲದ ಕಡೆ ಹುಟ್ಟೇ ಕಾಗದವಾಗುತ್ತದೆ. ಪರೀಕ್ಷೆ ಇಲ್ಲ ಅಂದರೆ ‘ನಮ್ಮ ಹುಡುಗ’ನಿಗೆ ಕೆಲಸ, ನಿಮ್ಮ ಹುಡುಗಿಗಲ್ಲ. ಇದನ್ನು ಮೈಸೂರು ಸಂಸ್ಥಾನ ನೂರು ವರ್ಷದ ಹಿಂದೆಯೇ ಕಂಡಿದೆ. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ವಿಚಾರಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ್ ೧೯೧೮ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ದಿವಾನ ವಿಶ್ವೇಶ್ವರಯ್ಯನವರಿಗೆ ಆ ನೀತಿ ಒಪ್ಪಿಗೆಯಾಗಲಿಲ್ಲ. ದಕ್ಷತೆ ಕೆಡುತ್ತದೆ ಎಂಬ ಅಳಲು ಆಗಲೇ ಎದ್ದಿತ್ತು. ಅವರು ಅದೇ ವರ್ಷ ದಿವಾನಗಿರಿ ಬಿಟ್ಟರು. ೧೯೧೯ರಲ್ಲಿ ವರದಿ ಬಂತು. ಅಂದಿನಿಂದ ಇಂದಿನವರೆಗೆ ‘ದಕ್ಷತೆ’ ಎಂಬ ಮಾತಿನ ಹಿಂದೆ ಯಾರು ನಿಂತಿದ್ದಾರೆ ಎಂದು ನೋಡುವುದು ನಮಗೆ ಅಭ್ಯಾಸವಾಗಿದೆ.

ಅದೇ ೧೯೧೮ರಲ್ಲಿ ಬೊಂಬಾಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಅಂಬೇಡ್ಕರ್ ಪ್ರೊಫೆಸರ್ ಆದರು. ಕೊಲಂಬಿಯಾದಲ್ಲಿ ಓದಿ ಬಂದವರು. ಆದರೂ ಕಾಲೇಜಿನ ಹೂಜಿಯ ನೀರನ್ನು ಅವರು ಕುಡಿಯುವುದಕ್ಕೆ ಕೆಲವು ಸಹೋದ್ಯೋಗಿಗಳು ತಕರಾರು ತೆಗೆದರು. ಇದರಿಂದ ತಿಳಿಯುವುದು ಎರಡು ವಿಷಯ. ಕಾಗದವಿಲ್ಲದಿದ್ದರೆ ಅವರಿಗೆ ಆ ಕೋಣೆಯೊಳಗೆ ಕಾಲಿಡಲು ಆಗುತ್ತಿರಲಿಲ್ಲ. ಕಾಗದವಿದ್ದೂ ಹೂಜಿ ಅವರದಾಗಲಿಲ್ಲ. ಕಾಗದ ಬಾಗಿಲು ತೆರೆಸುತ್ತದೆ, ಒಳಗೆ ಕೂತವರ ಮನಸ್ಸನ್ನು ತೆರೆಸುವುದಿಲ್ಲ. ೧೮೪೮ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ನಿಂತ ಸಾವಿತ್ರಿಬಾಯಿ ಫುಲೆಯವರೂ ಶಿಕ್ಷಕಿಯ ತರಬೇತಿ ಪಡೆದವರು. ಒಳ್ಳೆಯ ಮನಸ್ಸಿದೆ, ಅಷ್ಟು ಸಾಕು ಎಂದು ಅವರು ಕೂರಲಿಲ್ಲ. ನಮ್ಮ ಹುಡುಗಿಯೂ ಕೂರಬಾರದು. ನಾಲ್ಕನೇ ಡಾನ್ ಇದ್ದರೆ ಅದನ್ನೂ ಹತ್ತಲಿ, ಡಿಪ್ಲೊಮಾ ಇದ್ದರೆ ಅದನ್ನೂ ಗಳಿಸಲಿ. ಆದರೆ ಕಾಗದ ಅಳೆಯದೇ ಬಿಡುವುದು ಏನಿದೆ ಎಂಬುದನ್ನೂ ಅವಳು ತಿಳಿದಿರಲಿ. ನಾನು ಹುಡುಕುವ ಮೂರನೆಯ ಉತ್ತರ ಅಲ್ಲಿದೆ.

*

ಮೊದಲು ಮುಟ್ಟುವ ವಿಷಯ. ಭೌತಶಾಸ್ತ್ರವನ್ನು ಮುಟ್ಟದೆ ಕಲಿಸಬಹುದು. ಟೇಕ್ವಾಂಡೊವನ್ನು ಆಗದು. ನಿಂತ ಭಂಗಿ ತಪ್ಪಿದ್ದರೆ ಪಾದ ತಿರುಗಿಸಿ ಇಡಬೇಕು, ಮಂಡಿ ಹಿಡಿದು ಎತ್ತಬೇಕು, ಭುಜ ಒತ್ತಿ ತಗ್ಗಿಸಬೇಕು. ಈ ದೇಶದಲ್ಲಿ ಒಬ್ಬರ ಕೈ ಇನ್ನೊಬ್ಬರ ಮೈಗೆ ತಾಗುವುದು ಸಣ್ಣ ಸಂಗತಿಯೆ? ಕೇರಿಯ ಮಗುವಿನ ಪಾದವನ್ನು ಹಿಡಿದು ಸರಿಪಡಿಸುವ ಮಾಸ್ಟರು ಊರಿನವರಾಗಿದ್ದರೆ ಆ ಒಂದು ಕ್ಷಣದಲ್ಲಿ ಏನೋ ಮುರಿಯುತ್ತದೆ. ಮುಟ್ಟದೆ ದೂರದಿಂದ ಕೋಲು ತೋರಿಸಿ ‘ಹಾಗಲ್ಲ, ಹೀಗೆ’ ಅಂದರೆ, ಆ ಮಾಸ್ಟರ ಸೊಂಟದಲ್ಲಿ ಎಷ್ಟು ಡಾನ್ ಇದ್ದರೂ ಆ ಮಗುವಿಗೆ ಅವರು ಶಿಕ್ಷಕರಲ್ಲ. ಇದೇ ಮುಟ್ಟುವಿಕೆ ಹುಡುಗಿಯ ವಿಷಯದಲ್ಲಿ ಬೇರೆ ಎಚ್ಚರ ಕೇಳುತ್ತದೆ. ‘ಮುಟ್ಟಬಹುದಾ?’ ಎಂದು ಕೇಳಿ, ಅವಳು ‘ಬೇಡ’ ಅಂದರೆ ತಾನೇ ಮಾಡಿ ತೋರಿಸುವ ವಿನಯ ಇರಬೇಕು. ಅಸ್ಪೃಶ್ಯತೆಯನ್ನು ಮುರಿಯುವ ಕೈ, ಹೆಣ್ಣಿನ ಮೈಯ ಮೇಲೆ ಅಧಿಕಾರ ನಡೆಸುವ ಕೈ ಆಗಬಾರದು. ಮುಟ್ಟಾದ ದಿನ ಬಿಳಿ ಬಟ್ಟೆಯಲ್ಲಿ ನಿಲ್ಲಲು ಹೆದರಿ ಹಿಂದಿನ ಸಾಲಿಗೆ ಸರಿಯುವ ಹುಡುಗಿಗೆ ‘ಕಪ್ಪು ಪ್ಯಾಂಟು ಹಾಕ್ಕೊಂಡು ಬಾಮ್ಮ’ ಎಂದು ಸಲೀಸಾಗಿ ಹೇಳಲು ಬರುವುದೂ ಅರ್ಹತೆಯೇ. ಯಾವ ಪರೀಕ್ಷೆಯಲ್ಲಿ ಇದಕ್ಕೆ ಅಂಕವಿದೆ?

ಎರಡನೆಯದು ಬಾಗುವ ವಿಷಯ. ಕ್ಲಾಸು ಶುರುವಾಗುವಾಗ ‘ಚಾರ್ಯೊತ್, ಕ್ಯೊಂಗ್ನೆ’ ಎಂದು ಕೊರಿಯನ್ನಿನಲ್ಲಿ ಆಜ್ಞೆ ಬರುತ್ತದೆ. ನೆಟ್ಟಗೆ ನಿಲ್ಲು, ಬಾಗು. ನಮ್ಮ ಗೆಳೆಯರು ಇಲ್ಲಿ ಮುಖ ಸಿಂಡರಿಸುತ್ತಾರೆ. ‘ಸಾವಿರ ವರ್ಷ ಗೌಡರ ಮುಂದೆ ಬಾಗಿದ್ದು ಸಾಲದೆ? ಈಗ ಇವರ ಮುಂದೆ ಬೇರೆ ಬಾಗಬೇಕಾ?’ ಸಿಟ್ಟು ಸರಿಯಾದದ್ದೇ. ಆದರೆ ಗಮನಿಸಿ: ಆ ಪದ್ಧತಿಯಲ್ಲಿ ಮಕ್ಕಳು ಬಾಗಿದಾಗ ಶಿಕ್ಷಕರೂ ಬಾಗುತ್ತಾರೆ. ಸೆಣಸುವ ಮುಂಚೆ ಇಬ್ಬರೂ ಬಾಗುತ್ತಾರೆ, ಸೆಣಸಿದ ಮೇಲೂ ಇಬ್ಬರೂ ಬಾಗುತ್ತಾರೆ. ಊರಿನ ಬೀದಿಯಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಮ್ಮಪ್ಪ ಬಾಗಿದಾಗ ಎದುರಿಗಿದ್ದವರು ಬಾಗಲಿಲ್ಲ. ಅವಮಾನ ಬೆನ್ನಿನ ಬಾಗುವಿಕೆಯಲ್ಲಿಲ್ಲ, ಒಂದೇ ಕಡೆಯ ಬಾಗುವಿಕೆಯಲ್ಲಿದೆ. ಆದ್ದರಿಂದ ಶಿಕ್ಷಕರನ್ನು ಅಳೆಯಲು ಒಂದು ಸುಲಭದ ಅಳತೆ ಇದು: ತೀರ ಸಣ್ಣ ಮಗುವಿಗೆ, ತೀರ ಬಡ ಮಗುವಿಗೆ ಅವರು ತಿರುಗಿ ಬಾಗುತ್ತಾರೋ ಇಲ್ಲವೋ ನೋಡಿ. ನಿಂತಲ್ಲೇ ನಿಂತು ಗದ್ದ ಅಲ್ಲಾಡಿಸುವವರಾದರೆ ಅವರು ಟೇಕ್ವಾಂಡೊ ಕಲಿಸುತ್ತಿಲ್ಲ, ಪಟೇಲಿಕೆ ಕಲಿಸುತ್ತಿದ್ದಾರೆ.

ಮೂರನೆಯದು ಅಧಿಕಾರದ ವಿಷಯ. ಬೆಲ್ಟು ಕೊಡುವವರ ಕೈಯಲ್ಲಿ ಮಗುವಿನ ಭವಿಷ್ಯವಿದೆ. ಪರೀಕ್ಷೆಗೆ ಹೆಸರು ಕಳಿಸುವುದು, ತಂಡಕ್ಕೆ ಆರಿಸುವುದು, ಸರ್ಟಿಫಿಕೇಟಿಗೆ ಸಹಿ ಹಾಕುವುದು ಅವರೇ. ಇಂಥ ಅಧಿಕಾರ ಏನು ಮಾಡಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ೨೦೨೩ರಲ್ಲಿ ದೇಶಕ್ಕೆ ಪದಕ ತಂದ ಮಹಿಳಾ ಕುಸ್ತಿಪಟುಗಳು ತಮ್ಮ ಒಕ್ಕೂಟದ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ದೂರು ಹೊತ್ತು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತರು. ಎದುರಾಳಿಯನ್ನು ಎತ್ತಿ ಒಗೆಯಬಲ್ಲ ತೋಳುಗಳಿಗೂ ನ್ಯಾಯ ಕೇಳಲು ರಸ್ತೆಯೇ ಗತಿಯಾಯಿತು. ಮೈಬಲವೊಂದೇ ಹೆಣ್ಣನ್ನು ಕಾಯುವುದಿಲ್ಲ, ‘ಆಗಲ್ಲ’ ಅನ್ನುವ ಬಾಯಿಬಲ ಬೇಕು, ಆ ಮಾತನ್ನು ಕೇಳುವ ವ್ಯವಸ್ಥೆ ಬೇಕು. ಏಕಲವ್ಯನಿಗೆ ಬಾರದ ವಿದ್ಯೆ ಅಂದೆನಲ್ಲ, ಅದು ಇದೇ. ಶಿಕ್ಷಕರು ಮೊದಲ ದಿನವೇ ಹೇಳಿಕೊಡಬೇಕಾದದ್ದು ‘ನನಗೂ ಇಲ್ಲ ಅನ್ನಬಹುದು’ ಎಂಬುದನ್ನು. ತನ್ನ ವಿರುದ್ಧವೂ ಎತ್ತಬಹುದಾದ ಕೈಯನ್ನು ತಾನೇ ತಯಾರು ಮಾಡುವ ಧೈರ್ಯ 있ಯಾರಿಗಿದೆಯೋ ಅವರು ಗುರು.

ನಾಲ್ಕನೆಯದು ಸತ್ಯ ಹೇಳುವ ವಿಷಯ. ಮೂರು ತಿಂಗಳ ತರಬೇತಿ ಮುಗಿಸಿ, ಹೆಂಚು ಒಡೆದು ತೋರಿಸಿ, ಫೋಟೋ ತೆಗೆಸಿ, ‘ಇನ್ನು ನಿಮ್ಮನ್ನು ಯಾರೂ ಮುಟ್ಟಲಾರರು’ ಎಂದು ಭಾಷಣ ಮಾಡಿ ಹೋಗುವುದು ಸುಲಭ. ಅದು ಸುಳ್ಳು. ಅಂಥ ಸುಳ್ಳನ್ನು ನಂಬಿದ ಹುಡುಗಿ ಓಡಬೇಕಾದ ಕಡೆ ನಿಂತು ಪೆಟ್ಟು ತಿನ್ನುತ್ತಾಳೆ. ಒಬ್ಬ ಪುಂಡ ಬಸ್ಸಿನಲ್ಲಿ ಕೈ ಹಾಕಿದರೆ ಈ ವಿದ್ಯೆ ನೆರವಿಗೆ ಬಂದೀತು. ಆದರೆ ನಮ್ಮ ಮೇಲಿನ ಹಿಂಸೆ ಬರುವುದು ಒಬ್ಬರೆದುರು ಒಬ್ಬರು ನಿಲ್ಲುವ ಸೆಣಸಾಟವಾಗಿ ಅಲ್ಲ. ಅದು ಗುಂಪಾಗಿ ಬರುತ್ತದೆ, ರಾತ್ರಿ ಬರುತ್ತದೆ, ಬೆಂಕಿ ಹಿಡಿದು ಬರುತ್ತದೆ. ೨೦೦೦ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ೨೦೦೬ರಲ್ಲಿ ಆರೋಪಿಗಳು ಖುಲಾಸೆಯಾದರು. ಯಾವ ಒದೆ ಅದನ್ನು ತಡೆಯುತ್ತಿತ್ತು? ಆದ್ದರಿಂದ ಪ್ರಾಮಾಣಿಕ ಶಿಕ್ಷಕಿ ಒದೆಯ ಜತೆಗೆ ಒದೆಯ ಮಿತಿಯನ್ನೂ ಕಲಿಸುತ್ತಾಳೆ. ಎಲ್ಲಿ ಓಡಬೇಕು, ಎಲ್ಲಿ ಕೂಗಬೇಕು, ೧೯೮೯ರ ದೌರ್ಜನ್ಯ ತಡೆ ಕಾಯಿದೆ ಏನು ಹೇಳುತ್ತದೆ, ಠಾಣೆಯಲ್ಲಿ ದೂರು ಬರೆದುಕೊಳ್ಳದಿದ್ದರೆ ಯಾರನ್ನು ಕರೆದುಕೊಂಡು ಹೋಗಬೇಕು, ಇದೂ ಪಾಠವೇ. ‘ಹೆಣ್ಣುಮಕ್ಕಳು ಕರಾಟೆ ಕಲಿಯಲಿ’ ಎಂದು ಹೇಳಿ, ಗಂಡುಮಕ್ಕಳಿಗೆ ಏನೂ ಕಲಿಸದೆ ಕೈತೊಳೆದುಕೊಳ್ಳುವ ಸಮಾಜಕ್ಕೆ ‘ಹೊರೆಯೆಲ್ಲ ಅವಳ ಮೇಲೇ ಯಾಕೆ?’ ಎಂದು ಕೇಳುವುದೂ ಅವಳ ಕೆಲಸ.

ಹಾಗಿದ್ದರೆ ಕಲಿತು ಏನು ಪ್ರಯೋಜನ ಎಂದು ಕೇಳುವಿರಿ. ಪ್ರಯೋಜನವಿದೆ. ತಲೆ ತಗ್ಗಿಸಿ, ಭುಜ ಮುದುಡಿ ನಡೆಯುವುದನ್ನು ಹುಟ್ಟಿದಂದಿನಿಂದ ಕಲಿತ ಮೈಗೆ ನೆಟ್ಟಗೆ ನಿಲ್ಲುವುದೇ ಒಂದು ಹೊಸ ವಿದ್ಯೆ. ಕೂಗಿದರೆ ತಪ್ಪು ಎಂದು ಕಲಿತ ಗಂಟಲಿಗೆ ಕೂಗುವುದು ಹೊಸ ವಿದ್ಯೆ. ಜಾತಿ ಬರೀ ಪುಸ್ತಕದಲ್ಲಿಲ್ಲ, ನಮ್ಮ ಬೆನ್ನುಹುರಿಯಲ್ಲಿ ಕೂತಿದೆ. ಅದನ್ನು ಅಲ್ಲಿಂದಲೂ ಎಬ್ಬಿಸಬೇಕು. ಹಾಗೆ ಎದ್ದು ನಿಂತ ಹುಡುಗಿ ಸಂಘದ ಸಭೆಯಲ್ಲೂ ಎದ್ದು ನಿಲ್ಲುತ್ತಾಳೆ, ಪ್ರಶ್ನೆ ಕೇಳುತ್ತಾಳೆ. ಕೆಲವೊಮ್ಮೆ ಆ ಪ್ರಶ್ನೆ ನಮ್ಮ ಕಡೆಗೇ ಬರುತ್ತದೆ. ಬರಲಿ.

*

ಮೂರನೆಯ ಉತ್ತರ ಈಗ ಸ್ಪಷ್ಟವಾಗಿದೆ ಅಂದುಕೊಂಡಿದ್ದೇನೆ. ಕಲಿಸುವ ಹಕ್ಕು ಹುಟ್ಟಿನಿಂದ ಬರುವುದಿಲ್ಲ. ಕಾಗದದಿಂದ ಅರ್ಧ ಬರುತ್ತದೆ. ಮಿಕ್ಕ ಅರ್ಧವನ್ನು ಕಲಿಯುವವರು ಕೊಡಬೇಕು, ದಿನದಿನವೂ ಕೊಡಬೇಕು, ಬೇಡವೆನಿಸಿದಾಗ ವಾಪಸು ತಗೊಳ್ಳುವ ಹಾಗಿರಬೇಕು. ಗರಡಿಯ ಉಸ್ತಾದನ ಪರೀಕ್ಷೆ ಬಯಲಿನಲ್ಲಿ ನಡೆಯುತ್ತಿತ್ತಲ್ಲ, ಆ ಬಯಲನ್ನು ನಾವು ಉಳಿಸಿಕೊಳ್ಳಬೇಕು. ಅದರ ಬಾಗಿಲನ್ನು ಕಿತ್ತುಹಾಕಬೇಕು. ಪರೀಕ್ಷಕರ ಸಾಲಿನಲ್ಲಿ ಮಕ್ಕಳಿಗೂ ಅವರ ತಾಯಂದಿರಿಗೂ ಜಾಗವಿರಬೇಕು. ಎಷ್ಟು ಪದಕ ಬಂತು ಎಂದು ಮಾತ್ರ ಎಣಿಸಿದರೆ ಸಾಲದು. ಎಷ್ಟು ಮಕ್ಕಳು ನಡುವೆ ಬಿಟ್ಟುಹೋದರು, ಯಾಕೆ ಬಿಟ್ಟರು, ಎಷ್ಟು ಮಂಡಿ ಮುರಿಯಿತು, ಹಿಂದಿನ ಸಾಲಿನಲ್ಲಿ ಯಾವ ಕೇರಿಯ ಮಕ್ಕಳು ನಿಂತಿದ್ದರು ಎಂದೂ ಎಣಿಸಬೇಕು.

ಇದಕ್ಕೆ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಹಾಸ್ಟೆಲಿನ ಮಕ್ಕಳ ಪುಸ್ತಕಕ್ಕೆ, ಊಟಕ್ಕೆ, ಪರೀಕ್ಷೆಗೆ ಹಣ ಕೊಡುವ ಇಲಾಖೆ, ತರಬೇತಿಯಲ್ಲಿ ಮುಂದೆ ಬಂದ ಹುಡುಗಿಯರ ಬೆಲ್ಟಿನ ಫೀಸನ್ನೂ ಡಾನ್ ಫೀಸನ್ನೂ ಕಟ್ಟಲಿ. ಮೂರು ತಿಂಗಳ ಗುತ್ತಿಗೆಯ ಬದಲು ವರ್ಷಪೂರ್ತಿ ಪಾಠವಿರಲಿ. ಹಾಸ್ಟೆಲಿನಲ್ಲೇ ಕಲಿತು ಅರ್ಹರಾದವರನ್ನು ಮುಂದಿನ ಹಾಸ್ಟೆಲುಗಳಿಗೆ ಶಿಕ್ಷಕಿಯರಾಗಿ ತಗೊಳ್ಳಲಿ, ಬದುಕುವಷ್ಟು ಸಂಬಳ ಕೊಡಲಿ. ಯಾರ ಸರ್ಟಿಫಿಕೇಟು ನಡೆಯುತ್ತದೆ, ಯಾರದು ನಡೆಯುವುದಿಲ್ಲ ಎಂಬ ಪಟ್ಟಿಯನ್ನು ಪ್ರತಿ ಹಾಸ್ಟೆಲಿನ ಗೋಡೆಗೆ ಅಂಟಿಸಲಿ. ಹಳ್ಳಿಯ ಮೇಷ್ಟ್ರುಗಳು, ಮೇಡಂಗಳು ನಿಮ್ಮ ಶಾಲೆಗೆ ತರಬೇತಿಯವರು ಬಂದ ದಿನ ಮೈದಾನದ ಅಂಚಿನಲ್ಲಿ ಒಂದು ಗಂಟೆ ನಿಂತು ನೋಡಿ. ಅವರು ಯಾರನ್ನು ಮುಟ್ಟುತ್ತಾರೆ, ಯಾರನ್ನು ಮುಟ್ಟುವುದಿಲ್ಲ, ಯಾರಿಗೆ ಬಾಗುತ್ತಾರೆ, ಯಾರ ಹೆಸರು ಅವರಿಗೆ ಗೊತ್ತಿದೆ ಎಂದು ನೋಡಿ. ನೋಡಿದ್ದನ್ನು ಬರೆದಿಡಿ, ಮುಂದಿನ ಸಲ ಯಾರನ್ನು ಕರೆಯಬೇಕು ಎಂಬ ಪ್ರಶ್ನೆ ಬಂದಾಗ ಅದನ್ನು ಎಲ್ಲರೆದುರು ಓದಿ.

ಆ ಹುಡುಗಿ ಹತ್ತು ವರ್ಷ ಕಾಯಲು ಸಿದ್ಧಳಿದ್ದಾಳೆ. ಆ ಹತ್ತು ವರ್ಷ ಅವಳ ಖರ್ಚನ್ನು ಯಾರು ಹೊರುತ್ತಾರೆ ಎಂಬುದು ನಮ್ಮ ಮುಂದಿರುವ ಕೆಲಸ.